ಹನ್ನೆರಡು ಸಾಲಿನ ನೀಲಿ

ಆ ಮನೆಯಲ್ಲಿ ಬಟ್ಟೆಗೆ ನೀಲಿ ಹಾಕುವಾಗ ಗಡಿಯಾರ ನೋಡುತ್ತಿರಲಿಲ್ಲ, ಪ್ರಾರ್ಥನೆ ಹೇಳುತ್ತಿದ್ದರು. ಒಟ್ಟು ಹನ್ನೆರಡು ಸಾಲು. ಬಟ್ಟೆಯನ್ನು ತೊಟ್ಟಿಗೆ ಇಳಿಸುತ್ತ ಮೊದಲನೆಯ ಸಾಲು ಶುರುಮಾಡಬೇಕು, ಹನ್ನೆರಡನೆಯದು ಮುಗಿದಾಗ ಮೇಲೆತ್ತಬೇಕು. ಅದಕ್ಕೆ ಒಂದು ಮುಳುಗು ಎಂದು ಹೆಸರು. ಗಾಢವಾದ ನೀಲಿಗೆ ಒಂಬತ್ತು ಮುಳುಗು ಬೇಕು. ಈ ಲೆಕ್ಕ ಯಾರು ಮಾಡಿದ್ದು ಎಂದು ಕೇಳಿದರೆ ಮನೆಯವರೆಲ್ಲ ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಮೇಲೆ ಹೆಂಚು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಸೊಸೆ ಆ ಮನೆಗೆ ಬಂದು ಹದಿನಾಲ್ಕು ವರ್ಷ. ಅವಳ ಅಪ್ಪ ಭೂಮಿ ಅಳೆಯುವ ಕೆಲಸದವನು. ಕಣ್ಣಿಗೆ ಕಂಡದ್ದನ್ನು ಸರಿಯಾಗಿ ಅಳೆ, ಕಾಣದ್ದರ ತಂಟೆಗೆ ಹೋಗಬೇಡ ಎಂದು ಹೇಳಿ ಬೆಳೆಸಿದವನು. ಅವಳ ತವರಿನಲ್ಲಿ ದೇವರೆಂದರೆ ಪಕ್ಕದ ಮನೆಗೆ ಬಂದ ನೆಂಟನ ಹಾಗೆ, ಎದುರು ಸಿಕ್ಕರೆ ನಮಸ್ಕಾರ, ಒಳಗೆ ಕರೆದು ಕೂರಿಸುವಷ್ಟು ಬಳಕೆ ಇಲ್ಲ. ಅಂಥವಳಿಗೆ ಬಂದ ಮೊದಲ ತಿಂಗಳೇ ಹನ್ನೆರಡು ಸಾಲು ಬಾಯಿಪಾಠ ಮಾಡಿಸಿದರು. ಹೇಳಿಕೊಟ್ಟವರು ಮಾವ. ಬೆಂಚಿನ ಮೇಲೆ ಕೂತು, ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತ, ಒಂದೊಂದೇ ಸಾಲು. ಅವರು ಪಾಠ ಶುರುಮಾಡಿದ ಕೂಡಲೇ ಅತ್ತೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಒಳಗೆ ಕೆಲಸ ಇರಬಹುದು ಎಂದುಕೊಂಡಳು ಸೊಸೆ. ಹೊಸದಾಗಿ ಬಂದವಳು, ಅತ್ತೆ ಎದ್ದುಹೋದದ್ದಕ್ಕೆಲ್ಲ ಅರ್ಥ ಹುಡುಕುತ್ತ ಕೂತರೆ ಸಂಸಾರ ನಡೆದೀತೇ?

ಸಾಲುಗಳು ಬಾಯಿಗೆ ಬಂದವು. ಎದೆಗೆ ಇಳಿಯಲಿಲ್ಲ. ಇಳಿಯಲಿ ಎಂದು ಅವಳೂ ಹಠ ಹಿಡಿಯಲಿಲ್ಲ.

ಆದರೆ ತೊಟ್ಟಿಗೆ ಮಾತ್ರ ಅವಳು ನೋಡಿದ ದಿನವೇ ಸೋತುಹೋದಳು. ಮನೆಯ ಹಿಂದಿನ ಕೋಣೆಯ ನೆಲದಲ್ಲಿ ಎದೆಮಟ್ಟ ಆಳಕ್ಕೆ ಇಳಿಸಿದ ಕಲ್ಲಿನ ತೊಟ್ಟಿ, ಮೇಲೆ ಎರಡು ಹಲಗೆಯ ಮುಚ್ಚಳ. ಮುಚ್ಚಳ ಸರಿಸಿದರೆ ಹುಳಿ ಹುಳಿ ಬೆಚ್ಚಗಿನ ವಾಸನೆ. ನೀರಿನ ಮೇಲೆ ತಾಮ್ರದ ಹೊಳಪಿನ ಕೆನೆ, ಕೆನೆಯ ನಡುವೆ ನೀಲಿ ನೊರೆ. ಆ ನೊರೆಗೆ ಅವರು ಹೂವು ಎನ್ನುತ್ತಿದ್ದರು. ಹೂವನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ನೀಲಿಯೇ ಇಲ್ಲ, ಎಳೆ ಹಳದಿ ಹಸಿರಿನ ನೀರು. ಬಿಳಿ ಬಟ್ಟೆ ಅದರೊಳಗೆ ಹೋಗಿ ಹಸಿರಾಗಿ ಮೇಲೆ ಬರುತ್ತದೆ. ಬಂದ ಮೇಲೆ, ಯಾರೂ ಮುಟ್ಟದೆ, ಗಾಳಿಯಲ್ಲಿ ಸುಮ್ಮನೆ ನೇತಾಡುತ್ತಲೇ, ಅಂಚಿನಿಂದ ಒಳಗೆ ಒಳಗೆ ನೀಲಿಯಾಗುತ್ತ ಹೋಗುತ್ತದೆ. ಮೊದಲ ಸಲ ನೋಡಿದಾಗ ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಗಂಡ ಪಕ್ಕದಲ್ಲಿ ನಿಂತು, “ಗಾಳಿ ತಾಗಿದ್ರೆ ಹಾಗಾಗುತ್ತೆ ಕಣೇ, ಅಷ್ಟೇ,” ಎಂದಿದ್ದ. ಅಷ್ಟೇ ಅಂತೆ! ಕೆಲವರಿಗೆ ಸೂರ್ಯ ಹುಟ್ಟುವುದೂ ಅಷ್ಟೇ.

ತೊಟ್ಟಿಗೆ ದಿನಾ ಬೆಳಿಗ್ಗೆ ತೌಡು ಹಾಕಬೇಕು, ಎರಡು ದಿನಕ್ಕೊಮ್ಮೆ ಸುಣ್ಣ, ಚಳಿ ಬಂದರೆ ಸುತ್ತ ಹೊಟ್ಟಿನ ಕಾವು. ಹೊಟ್ಟೆಗೆ ಹಾಕದಿದ್ದರೆ ಹುದುಗು ನಿಂತು ಸತ್ತುಹೋಗುತ್ತದೆ. ಸತ್ತ ತೊಟ್ಟಿ ಮತ್ತೆ ಏಳುವುದು ಕಷ್ಟ. ಹದಿನಾಲ್ಕು ವರ್ಷ ಅವಳು ಅದನ್ನು ಸಾಕಿದಳು. ಜ್ವರ ಬಂದಾಗ ಕೂಡ ಎದ್ದು ಬಂದು ಮುಚ್ಚಳ ಸರಿಸಿ, ಮೂಗು ಬಗ್ಗಿಸಿ, ಹೇಗಿದ್ದೀಯೆ ಎಂದು ಕೇಳುವವಳ ಹಾಗೆ ವಾಸನೆ ನೋಡಿ ಹೋಗುತ್ತಿದ್ದಳು.

ದೊಡ್ಡ ಕೆಲಸವೆಲ್ಲ ಅತ್ತೆಯದೇ ಆಗಿತ್ತು. ತೊಟ್ಟಿಯ ಮುಂದೆ ಒಬ್ಬರೇ ಇರಬೇಕು, ಉಳಿದವರು ಹೊಸ್ತಿಲ ಆಚೆ ಎನ್ನುವುದು ಮನೆಯ ನಿಯಮ. ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತು, ಎರಡೂ ಕೈ ಮೊಣಕೈ ತನಕ ನೀರಿನಲ್ಲಿಟ್ಟು, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ದನಿ ಆಚೆ ಬರುತ್ತಿರಲಿಲ್ಲ. ಅವರ ಕೈಯಿಂದ ಬಂದ ನೀಲಿಗೆ ಊರಲ್ಲಿ ಹೆಸರಿತ್ತು. ಮೇಲೆ ಬಳಿದ ಹಾಗೆ ಕಾಣುತ್ತಿರಲಿಲ್ಲ ಅದು. ಬಟ್ಟೆ ಒಳಗಿನಿಂದಲೇ ನೀಲಿಯಾಗಿ ಹುಟ್ಟಿದ ಹಾಗೆ ಇರುತ್ತಿತ್ತು. ಭಕ್ತಿ ಇರೋ ಕೈ ಎಂದು ಜನ ಹೇಳುತ್ತಿದ್ದರು. ವಾರ ತಪ್ಪದೆ ಪ್ರಾರ್ಥನಾ ಮಂದಿರಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂರುವ ಹೆಂಗಸು, ಜನ ಹಾಗೆ ಹೇಳದೆ ಇರುತ್ತಾರೆಯೇ?

ಮೂರು ವರ್ಷದ ಹಿಂದೆ ಮಾವ ತೀರಿಕೊಂಡರು, ಅದೇ ಚಳಿಗಾಲದಲ್ಲಿ ಅತ್ತೆಯ ಮೊಣಕಾಲು ಕೈಕೊಟ್ಟಿತು. ತೊಟ್ಟಿ ಸೊಸೆಯ ಪಾಲಿಗೆ ಬಂತು. ಅತ್ತೆ ಹೊಸ್ತಿಲ ಆಚೆ ಕೈಯಿರುವ ಕುರ್ಚಿ ಹಾಕಿಸಿಕೊಂಡು ಕೂತರು. ಸೊಸೆ ಬಟ್ಟೆ ಇಳಿಸಿ ಗೊಣಗಲು ಶುರುಮಾಡಿದರೆ ಆಚೆಯಿಂದ ಕೂಗು ಬರುತ್ತಿತ್ತು.

“ಜೋರಾಗಿ ಹೇಳು. ಕೇಳಿಸ್ತಿಲ್ಲ.”

ಮುದುಕಿ ಕಾವಲು ಕೂತಿದೆ ಎಂದು ಸೊಸೆಗೆ ಒಳಗೊಳಗೇ ಉರಿಯುತ್ತಿತ್ತು. ಆದರೂ ಜೋರಾಗಿಯೇ ಹೇಳುತ್ತಿದ್ದಳು, ಒಂದಕ್ಷರ ಬಿಡದೆ. ಅಳೆಯುವವನ ಮಗಳು, ಅಳತೆಗೋಲು ಯಾವುದೇ ಇರಲಿ, ಅದನ್ನು ಮೊಂಡು ಮಾಡಬಾರದು ಎನ್ನುವುದು ಅವಳ ರಕ್ತದಲ್ಲೇ ಇತ್ತು. ಅವಳ ನೀಲಿ ಕೆಟ್ಟದ್ದೇನಲ್ಲ. ಮೇಜಿನ ಬಟ್ಟೆಗೆ, ಕೆಲಸದವರ ಅಂಗಿಗೆ ಧಾರಾಳ ಸಾಕು. ಅತ್ತೆಯ ನೀಲಿ ಮಾತ್ರ ಒಮ್ಮೆಯೂ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ತನಗೆ ಗೊತ್ತು ಎಂದು ಅವಳು ಅಂದುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಮಂದಿರದ ಹಿರಿಯರು ಬಂದರು. ಮಾತಿಗೆ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ, ಅದಕ್ಕೇ ಬೀದಿಯ ಮಕ್ಕಳೆಲ್ಲ ಗಂಟಲಜ್ಜ ಎನ್ನುತ್ತಿದ್ದರು. ಮಂದಿರದ ಒಳಗೋಡೆಯಲ್ಲಿ ಆಳೆತ್ತರದ ಮೂರು ನೀಲಿ ಪರದೆಗಳಿದ್ದವು, ಮೂರೂ ಅತ್ತೆ ಹದಿನಾರು ವರ್ಷದ ಹಿಂದೆ ಬಣ್ಣ ಹಾಕಿದ್ದು. ಸೂರು ಸೋರಿ ನಡುವಿನ ಪರದೆ ಬೂಷ್ಟು ಹಿಡಿದು ಹರಿದುಹೋಗಿತ್ತು. ರಿಪೇರಿ ಮುಗಿದು ಮಂದಿರ ತೆರೆಯುವುದಕ್ಕೆ ಇನ್ನು ಒಂದು ತಿಂಗಳು.

“ನಡುವಿಂದು ಒಂದು ಬೇಕು,” ಎಂದರು ಹಿರಿಯರು. “ಆದ್ರೆ ಎಡಗಡೆ ಬಲಗಡೆ ಇರೋದಕ್ಕೆ ಹೊಂದಬೇಕು. ಅಲ್ಲಿ ಕೂತೋರು ಬೇರೆ ಏನು ನೋಡ್ತಾರೆ ಹೇಳಿ, ಗಂಟೆಗಟ್ಟಲೆ ಅದನ್ನೇ ನೋಡ್ತಾರೆ. ಹೊಂದದಿದ್ರೆ ಮೂರನ್ನೂ ತೆಗೆದು ಮಿಲ್ಲಿನ ಬಟ್ಟೆ ಹಾಕಿಸ್ತೀವಿ. ಬೇಜಾರಾಗಬೇಡಿ.”

ಅವರು ಪರದೆಯ ಮಡಿಕೆಯ ಒಳಗಿನಿಂದ ಕತ್ತರಿಸಿದ ಅಂಗೈಯಗಲದ ತುಂಡು ಕೊಟ್ಟುಹೋದರು. ಸೊಸೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹದಿನಾರು ವರ್ಷ ಕಳೆದರೂ ಅದರ ಆಳ ಕಡಿಮೆಯಾಗಿರಲಿಲ್ಲ.

ಆ ದಿನ ಊಟ ಮಾಡುತ್ತ ಗಂಡ ಮೆಲ್ಲಗೆ ಮಾತು ತೆಗೆದ. ಒಳ್ಳೆಯವನು, ಯಾರ ಮನಸ್ಸೂ ನೋಯಿಸಲು ಬಾರದವನು, ಅದಕ್ಕೇ ನೋಯಿಸುವ ಮಾತನ್ನು ಅನ್ನದ ಜೊತೆ ಕಲಸಿ ಹೇಳುತ್ತಿದ್ದ.

“ಇದೊಂದು ಬಂದ್ರೆ ಸರಿ. ಬರದಿದ್ರೆ ತೊಟ್ಟಿ ಮುಚ್ಚಿಬಿಡೋಣ ಕಣೇ. ಮಂದಿರದ ಕೆಲಸವೇ ಹೋದ್ಮೇಲೆ ಇನ್ಯಾರಿಗೆ? ಪೊಟ್ಟಣದ ಬಣ್ಣ ಬರುತ್ತೆ, ಒಲೆ ಮೇಲೆ ಅರ್ಧ ಗಂಟೆ ಸಾಕು. ನಿನಗೂ ಬೆನ್ನುನೋವು ತಪ್ಪುತ್ತೆ.”

“ನನ್ನ ಬೆನ್ನು ನಿಮಗೆ ದೂರು ಹೇಳ್ತಾ?” ಎಂದಳು ಅವಳು. ಅತ್ತೆ ತಟ್ಟೆ ನೋಡುತ್ತ ಕೂತಿದ್ದರು.

ನೇಕಾರ ಪರದೆಯ ಅಳತೆಯ ಬಟ್ಟೆ ನಾಲ್ಕು ತುಂಡು ನೇಯ್ದುಕೊಟ್ಟ. ಅದೇ ಹಳೆಯ ನೂಲು, ಇನ್ನು ಇಲ್ಲ ಎಂದ. ನಾಲ್ಕು ತುಂಡು ಎಂದರೆ ನಾಲ್ಕು ಅವಕಾಶ.

ಮೊದಲನೆಯದನ್ನು ಅವಳು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಇಳಿಸಿದಳು. ಹನ್ನೆರಡು ಸಾಲನ್ನು ಸ್ಪಷ್ಟವಾಗಿ ಹೇಳಿದಳು. ಎರಡು ದಿನಕ್ಕೆ ಒಂಬತ್ತು ಮುಳುಗು. ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ಮೋಡ. ನೀಲಿ ಮೇಲೆ ಕೂತಿತ್ತು, ಒಳಗೆ ಹೋಗಿರಲಿಲ್ಲ. ಎರಡನೆಯದಕ್ಕೆ ಮನಸ್ಸಿಟ್ಟು ಹೇಳಬೇಕೆಂದು ಕಣ್ಣು ಮುಚ್ಚಿಕೊಂಡಳು. ಮನಸ್ಸು ಎಂಬುದು ಇಟ್ಟ ಕಡೆ ಇರುವ ತಂಬಿಗೆಯೇ? ಅದು ಹೋಗಿ ಅವಳ ಪುಟ್ಟ ಮಗಳ ಶಾಲೆಯ ಚೀಲದ ಹರಿದ ಹೊಲಿಗೆಯಲ್ಲಿ ಕೂತಿತು. ಎರಡನೆಯದೂ ಮೋಡ. ಗಂಡ ಕೈಗಡಿಯಾರ ಹಿಡಿದು ಹೊಸ್ತಿಲಾಚೆಯಿಂದ ನೋಡಿ, ಪ್ರಾರ್ಥನೆಗೆ ಸರಿಯಾಗಿ ನಾಲ್ಕು ನಿಮಿಷ ಹಿಡಿಯುತ್ತದೆ, ಒಂದು ಸೆಕೆಂಡು ಆಚೀಚೆ ಇಲ್ಲ ಎಂದ. ಮೂರನೆಯದನ್ನು ನಾಲ್ಕು ನಿಮಿಷಕ್ಕೇ ಎತ್ತಿದಳು, ಒಂಬತ್ತು ಸಲವೂ. ಮೂರನೆಯದೂ ಹಾಗೇ.

ಗಂಟಲಜ್ಜ ನೋಡಲು ಬಂದವರು ಮೂರು ಬಟ್ಟೆಯನ್ನೂ ತಿರುಗಿಸಿ ತಿರುಗಿಸಿ ನೋಡಿದರು.

“ಪ್ರಾರ್ಥನೆ ಹೇಳ್ತೀಯೇನಮ್ಮ?”

“ಹೇಳ್ತೀನಿ.”

“ಬಾಯಿ ಹೇಳುತ್ತೋ, ನೀನು ಹೇಳ್ತೀಯೋ?”

ಅವಳು ತಿರುಗಿ ಬಟ್ಟೆಯ ಅಂಚು ನೆಟ್ಟಗೆ ಮಾಡತೊಡಗಿದಳು. ಹಿರಿಯರು ಬಯ್ಯಲೂ ಇಲ್ಲ, ಬೆನ್ನು ತಟ್ಟಿ ಹೊರಟುಹೋದರು. ಬಯ್ದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಮನೆಯಲ್ಲಿ ಅತ್ತೆ ಸೊಸೆ ಬಿಟ್ಟರೆ ಯಾರೂ ಇರಲಿಲ್ಲ. ಅಂಗಳದ ತಂತಿಯ ಮೇಲೆ ಮೂರು ಪರದೆಗಳು ಅಲುಗುತ್ತಿದ್ದವು, ಅವುಗಳ ನೀಲಿ ನೆರಳು ನೆಲದ ಮೇಲೂ ಅತ್ತೆಯ ಪಾದದ ಮೇಲೂ ಹಿಂದೆ ಮುಂದೆ ಆಡುತ್ತಿತ್ತು. ಗಾಳಿ ನಿಂತರೆ ನೆರಳೂ ನಿಲ್ಲುತ್ತಿತ್ತು. ಎಲ್ಲವೂ ನೀರಿನ ತಳದಲ್ಲಿ ನಡೆಯುತ್ತಿರುವ ಹಾಗಿತ್ತು. ಸೊಸೆ ಬಂದು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹದಿನಾಲ್ಕು ವರ್ಷದಿಂದ ಗಂಟಲಲ್ಲಿದ್ದ ಮುಳ್ಳನ್ನು ಇವತ್ತು ತೆಗೆದುಬಿಡಬೇಕು ಎಂದು ಅವಳಿಗೆ ಅನಿಸಿತ್ತು. ತೊಟ್ಟಿ ಹೋಗುವುದಾದರೆ ಸುಳ್ಳೂ ಅದರ ಜೊತೆಗೇ ಹೋಗಲಿ.

“ಅತ್ತೆ, ನನಗೆ ನಂಬಿಕೆ ಇಲ್ಲ.”

ಅತ್ತೆ ಪರದೆ ನೋಡುತ್ತಲೇ ಇದ್ದರು.

“ಬಂದಾಗಿಂದ ಇಲ್ಲ. ಬರೀ ಬಾಯಲ್ಲಿ ಹೇಳ್ತಿದ್ದೆ. ಅದಕ್ಕೇ ಬಣ್ಣ ಬರ್ತಿಲ್ಲ. ನಿಮ್ಮ ತೊಟ್ಟೀನ ನಾನೇ ಹಾಳು ಮಾಡಿದೆ.” ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದಿತ್ತು. ದೇವರಿಗಾಗಿ ಅಲ್ಲ, ತೊಟ್ಟಿಗಾಗಿ.

“ಗೊತ್ತು,” ಎಂದರು ಅತ್ತೆ.

“ಗೊತ್ತಾ?”

“ಒಂದು ಸಲಾನೂ ತಪ್ಪಿಲ್ಲ ನೀನು. ನಂಬಿಕೆ ಇದ್ದೋರು ಅಷ್ಟು ನೆಟ್ಟಗೆ ಹೇಳಲ್ಲ ಕಣೇ. ನಡುವೆ ಎಲ್ಲಾದ್ರೂ ಎಡವ್ತಾರೆ.” ಅವರು ಕುರ್ಚಿಯ ಕೈ ಸವರಿದರು. ಆಮೇಲೆ, ಹಾಲು ಉಕ್ಕಿತು ನೋಡು ಎನ್ನುವಷ್ಟು ಸಾಧಾರಣ ದನಿಯಲ್ಲಿ, “ನಾನೂ ಹೇಳಿಲ್ಲ,” ಎಂದರು.

“ಏನು ಹೇಳಿಲ್ಲ?”

“ಹನ್ನೆರಡು ಸಾಲು. ಹತ್ತೊಂಬತ್ತು ವರ್ಷ ಆಯ್ತು.”

ತಂತಿಯ ಮೇಲಿನ ಬಟ್ಟೆಗಳು ಒಮ್ಮೆ ಉಬ್ಬಿ ಕೆಳಗಿಳಿದವು.

ಅತ್ತೆಗೆ ಒಬ್ಬಳು ಮಗಳಿದ್ದಳು, ಗಂಡನ ತಂಗಿ. ಹನ್ನೊಂದು ವರ್ಷಕ್ಕೆ ಜ್ವರ ಬಂದು ಹೋದಳು ಎಂಬಷ್ಟು ಸೊಸೆಗೆ ಗೊತ್ತಿತ್ತು. ಗೋಡೆಯ ಮೇಲೆ ಫೋಟೋ ಇತ್ತು, ಉದ್ದ ಕೂದಲಿನ, ಮುಂದಿನ ಹಲ್ಲು ಸ್ವಲ್ಪ ಉಬ್ಬಿದ ಹುಡುಗಿ. ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

“ಅವಳು ಹೋಗಿ ಹದಿನೈದು ದಿನಕ್ಕೆ ತೊಟ್ಟಿ ಮುಂದೆ ಕೂತೆ,” ಎಂದರು ಅತ್ತೆ. “ಒಪ್ಪಿಕೊಂಡಿದ್ದ ಕೆಲಸ, ಕೊಡಬೇಕಿತ್ತು. ಬಟ್ಟೆ ಇಳಿಸಿದೆ. ಏಳು ಸಾಲು ಹೇಳಿದೆ. ಎಂಟನೇದು ಗೊತ್ತಲ್ಲ ನಿಂಗೆ.”

ಗೊತ್ತಿತ್ತು. ‘ನೀ ಮಾಡಿದ್ದು ಸರಿ, ನಾವು ತಿಳಿದದ್ದು ಕಡಿಮೆ.’ ಉಳಿದ ಹನ್ನೊಂದರ ಹಾಗೆ ಅದೂ ಒಂದು ಸಾಲು.

“ಅದು ಬಾಯಿಗೆ ಬರಲಿಲ್ಲ. ಬಂದಿದ್ರೂ ಹೇಳ್ತಿರಲಿಲ್ಲ. ಏನು ಸರಿ? ನನ್ನ ಮಗೂನ ಕರ್ಕೊಂಡುಹೋಗಿದ್ದು ಸರೀನಾ? ನಾನು ಕಡಿಮೆ ತಿಳಿದಿರಬಹುದು, ಹೆಚ್ಚು ತಿಳಿದೋನು ಬಂದು ಹೇಳ್ಲಿ. ಅವತ್ತೇ ಠೂ ಬಿಟ್ಟೆ.”

“ಯಾರ ಜೊತೆ?”

“ಇನ್ಯಾರ ಜೊತೆ? ಅವನ ಜೊತೆ.” ಅತ್ತೆ ಗಲ್ಲದಿಂದ ಮೇಲಕ್ಕೆ ತೋರಿಸಿದರು.

ಸೊಸೆಗೆ ಅಳುವಿನ ನಡುವೆಯೇ ನಗು ನುಗ್ಗಿ ಬಂತು. “ಮತ್ತೆ ವಾರ ವಾರ ಮಂದಿರಕ್ಕೆ ಹೋಗಿ ಮುಂದಿನ ಸಾಲಲ್ಲಿ ಕೂರ್ತಿದ್ರಲ್ಲ!”

“ಹೋಗದೆ? ಮುನಿಸಿಕೊಂಡಿದೀನಿ ಅಂತ ಅವನಿಗೆ ಗೊತ್ತಾಗೋದು ಬೇಡ್ವಾ? ಎದುರಿಗೆ ಹೋಗಿ ಕೂತು, ತುಟಿ ಬಿಗಿಹಿಡಿದು, ಎದ್ದು ಬರ್ತಿದ್ದೆ. ಮನೇಲಿ ಕೂತು ಮುನಿಸಿಕೊಂಡ್ರೆ ಯಾರಿಗೆ ನಷ್ಟ?”

“ತೊಟ್ಟಿ ಮುಂದೆ ತುಟಿ ಅಲ್ಲಾಡ್ತಿತ್ತು. ನಾನೇ ನೋಡಿದೀನಿ, ಹಿಂದಿನಿಂದ ಕೆನ್ನೆ ಕಾಣ್ತಿತ್ತು.”

ಅತ್ತೆ ತಮ್ಮ ಎರಡು ಕೈಗಳನ್ನು ಮಡಿಲಲ್ಲಿ ಬಿಡಿಸಿ ನೋಡಿಕೊಂಡರು. ಉಗುರಿನ ಬುಡದ ನೀಲಿ ಮೂರು ವರ್ಷದಲ್ಲಿ ಬೆಳೆದು ಉದುರಿಹೋಗಿತ್ತು. “ಅವಳ ತಲೆ ಬಾಚ್ತಿದ್ದೆ,” ಎಂದರು. “ನೀರೊಳಗೆ ಬಟ್ಟೆ ಮಡಿಕೆ ಮಡಿಕೆಯಾಗಿ ತೇಲುತ್ತಲ್ಲ, ಅವಳ ಕೂದಲೂ ಹಾಗೇ. ಸಿಕ್ಕು ಜಾಸ್ತಿ. ಎಳೆದ್ರೆ ಕೂಗ್ತಾಳೆ. ತುದಿಯಿಂದ ಬಿಡಿಸಿಕೊಂಡು ಬರಬೇಕು, ಮೆಲ್ಲಗೆ. ಶಾಲೇಲಿ ಏನಾಯ್ತು ಅಂತ ಕೇಳ್ತಿದ್ದೆ, ಅವಳು ಹೇಳ್ತಿದ್ಲು. ಜಡೆ ಹಾಕಿ ಮುಗಿಯೋವರೆಗೆ. ಮುಗಿದ ಮೇಲೆ ಎತ್ತುತ್ತಿದ್ದೆ.”

“ಎಷ್ಟು ಹೊತ್ತು?”

“ಯಾರಿಗ್ಗೊತ್ತು? ಒಂದೊಂದು ದಿನ ಒಂದೊಂದು ಥರ. ಸಿಕ್ಕು ಎಷ್ಟಿತ್ತೋ ಅಷ್ಟು.”

ಸೊಸೆಗೆ ಈಗ ಸಿಟ್ಟು ಬಂತು, ನೆತ್ತಿಗೇರುವ ಸಿಟ್ಟು. ಹದಿನಾಲ್ಕು ವರ್ಷ ಅವಳು ಒಂದು ಸುಳ್ಳು ಅಳತೆಗೋಲು ಹಿಡಿದು ನಿಜವಾದ ಹೊಲ ಅಳೆದಿದ್ದಳು. ನಾಲ್ಕು ನಿಮಿಷ, ಒಂದು ಸೆಕೆಂಡು ಆಚೀಚೆ ಇಲ್ಲ!

“ಮೂರು ಬಟ್ಟೆ ಹಾಳಾಯ್ತಲ್ಲ ಅತ್ತೆ! ಕೂತು ನೋಡ್ತಿದ್ರಲ್ಲ! ಒಂದು ಮಾತು ಹೇಳಬಾರದಿತ್ತಾ? ನನ್ನಿಂದಾನೇ ಅಂತ ನಾನು ಎಷ್ಟು ನರಳಿದೀನಿ ಗೊತ್ತಾ?”

“ಹೇಗೆ ಹೇಳ್ಲಿ?” ಎಂದರು ಅತ್ತೆ. “ನಿಮ್ಮ ಮಾವ ಸಾಯೋವರೆಗೂ ನನ್ನ ನೀಲಿ ಪ್ರಾರ್ಥನೆ ಫಲ ಅಂತಾನೇ ನಂಬಿದ್ರು. ಊರೆಲ್ಲ ನಂಬಿದೆ. ನಾನು ಅವರ ದೇವರಿಗೆ ಬೆನ್ನು ಹಾಕಿ ಕೂತು ಅವರ ದೇವರ ಪರದೆಗೆ ಬಣ್ಣ ಹಾಕಿದೀನಿ ಅಂತ ಹೇಳ್ಲಾ? ನಾಚಿಕೆ ಆಗುತ್ತೆ ಕಣೇ ನಂಗೆ. ವಯಸ್ಸಾದ ಮೇಲೂ ನಾಚಿಕೆ ಸಾಯಲ್ಲ.”

ಸೊಸೆ ಎದ್ದು ಒಳಗೆ ಹೋಗಿ ಎರಡು ಲೋಟ ನೀರು ತಂದಳು. ಇಬ್ಬರೂ ಕುಡಿದರು.

ಮಾರನೆಯ ಬೆಳಿಗ್ಗೆ ಅವಳು ನಾಲ್ಕನೆಯ ತುಂಡನ್ನು ನೆನೆಸಿ ಹಿಂಡಿ ತೊಟ್ಟಿಯ ಮುಂದೆ ಕೂತಳು. ಸುಣ್ಣದ ಗೋಡೆಯ ಮೇಲಿನ ಗಾಜಿನ ಹೆಂಚಿನಿಂದ ಬೆಳಕು ನೇರವಾಗಿ ನೀರಿನ ಮೇಲೆ ಬೀಳುತ್ತಿತ್ತು. ಹೂವು ಸರಿಸಿ ಬಟ್ಟೆ ಇಳಿಸಿದಳು. ಬಾಯಿ ಅಭ್ಯಾಸಬಲದಿಂದ ತೆರೆಯಿತು, ಅವಳು ಮುಚ್ಚಿಕೊಂಡಳು. ಬಾಗಿಲಾಚೆ ಕುರ್ಚಿ ಕಿರ್ರೆಂದಿತು, ಆದರೆ ಜೋರಾಗಿ ಹೇಳು ಎಂಬ ಕೂಗು ಬರಲಿಲ್ಲ.

ಮೊದಲು ಅವಳೂ ತಲೆ ಬಾಚುವುದನ್ನೇ ನೆನೆದುಕೊಂಡಳು, ಫೋಟೋದ ಹುಡುಗಿಯನ್ನು. ಆಗಲಿಲ್ಲ. ಅದು ಅತ್ತೆಯ ಮಗಳು, ಕರೆದರೆ ಇವಳ ಹತ್ತಿರ ಯಾಕೆ ಬರಬೇಕು? ಸತ್ತ ತನ್ನ ಅಪ್ಪನನ್ನು ನೆನೆದಳು. ಅವನೂ ಬರಲಿಲ್ಲ, ಕಾಣದ್ದರ ತಂಟೆ ಅವನಿಗೆ ಆಗದು. ಕೊನೆಗೆ ಅವಳ ಹತ್ತಿರ ಉಳಿದದ್ದು ಬಟ್ಟೆ ಒಂದೇ. ಬೆರಳಿಗೆ ಒಂದು ಮಡಿಕೆ ಸಿಕ್ಕಿತು, ತುದಿಯಿಂದ ಮೆಲ್ಲಗೆ ಬಿಡಿಸಿದಳು. ಅದರ ಒಳಗೆ ಇನ್ನೊಂದು ಮಡಿಕೆ ಇತ್ತು. ಅದರ ಒಳಗೆ ಸಣ್ಣದೊಂದು ಗಾಳಿಗುಳ್ಳೆ ಅಡಗಿ ಕೂತಿತ್ತು, ಬೆರಳು ತಾಗಿದಾಗ ಹೊರಬಂದು ಮೇಲೇರಿ ಒಡೆಯಿತು. ಇಷ್ಟು ವರ್ಷ ಇದು ತನಗೆ ಸಿಕ್ಕಿಯೇ ಇರಲಿಲ್ಲವಲ್ಲ! ಸಿಗುವುದಾದರೂ ಹೇಗೆ, ಕೈ ನೀರಿನಲ್ಲಿದ್ದಾಗಲೆಲ್ಲ ಕಿವಿ ತನ್ನ ಬಾಯನ್ನೇ ಕಾಯುತ್ತಿತ್ತು, ಯಾವ ಸಾಲು ಮುಗಿಯಿತು, ಇನ್ನೆಷ್ಟು ಉಳಿಯಿತು ಎಂದು.

ನೀರು ಮೈಯಷ್ಟೇ ಬೆಚ್ಚಗಿತ್ತು. ಎಲ್ಲಿ ಕೈ ಮುಗಿಯಿತು, ಎಲ್ಲಿ ನೀರು ಶುರುವಾಯಿತು ಎಂಬುದು ಸ್ವಲ್ಪ ಹೊತ್ತಿಗೆ ತಿಳಿಯದಾಯಿತು. ನೂಲಿನ ಎಳೆ ಎಳೆಯೂ ಕುಡಿಯುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು, ಎಲ್ಲಿ ದಾಹ ತೀರಿದೆ, ಎಲ್ಲಿ ಇನ್ನೂ ಇಲ್ಲ ಎಂದು. ದಾಹ ಇದ್ದ ಕಡೆ ಬೆರಳು ತಾನಾಗಿ ಹೋಗುತ್ತಿತ್ತು. ಅವಳು ಏನನ್ನೂ ಕೇಳಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಆದರೆ ಒಬ್ಬಳೇ ಇದ್ದೇನೆ ಎಂದೂ ಅನಿಸಲಿಲ್ಲ. ಅದು ಯಾರು ಎಂದು ತಿರುಗಿ ನೋಡಬೇಕು ಎಂದೂ ಅನಿಸಲಿಲ್ಲ. ಬಟ್ಟೆ ಸಾಕು ಎಂದಾಗ ಎತ್ತಿದಳು. ಹಸಿರು ಬಟ್ಟೆ ಅವಳ ಕೈಯಲ್ಲೇ ಅಂಚಿನಿಂದ ನೀಲಿಯಾಗತೊಡಗಿತು, ಎಲ್ಲಿಯೂ ಮೋಡವಿಲ್ಲದೆ.

ಆ ಒಂದು ಮುಳುಗಿಗೆ ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯದು. ಹೊರಗೆ ಬಂದು ನೋಡಿದರೆ ಅಂಗಳದ ಬಿಸಿಲು ಕುರ್ಚಿಯ ಕಾಲಿನಿಂದ ಅತ್ತೆಯ ಮೊಣಕಾಲಿಗೆ ಏರಿತ್ತು. ಒಂಬತ್ತು ಮುಳುಗಿಗೆ ನಾಲ್ಕು ದಿನ ಹಿಡಿಯಿತು.

ಮಂದಿರದಲ್ಲಿ ಪರದೆ ಕಟ್ಟಿದ ದಿನ ಅತ್ತೆಯನ್ನು ಗಂಡ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಬಂದ. ಹೊಸ ಸುಣ್ಣದ ವಾಸನೆ, ಖಾಲಿ ಬೆಂಚುಗಳು, ಮೇಲಿನ ಕಿಟಕಿಯಿಂದ ಇಳಿದ ಬೆಳಕು. ಮೂರು ನೀಲಿಗಳು ಒಂದರ ಪಕ್ಕ ಒಂದು ಇಳಿಬಿದ್ದಿದ್ದವು. ಹೊಲಿಗೆ ನೋಡದಿದ್ದರೆ ಹೊಸದು ಯಾವುದು ಎಂದು ಹೇಳುವಂತಿರಲಿಲ್ಲ. ಗಂಡ ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋಗಿ, ತಲೆ ಕೆರೆದುಕೊಂಡ. “ತೊಟ್ಟಿ ಮುಚ್ಚೋ ಮಾತು ನಾನು ಆಡೇ ಇಲ್ಲ ಕಣೇ,” ಎಂದ.

ಗಂಟಲಜ್ಜ ಮೂರು ಸಲ ಗಂಟಲು ಸರಿಮಾಡಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ನೋಡಮ್ಮ, ಅವತ್ತು ನಾನು ಕೇಳಿದ ಮಾತು ನಿನ್ನ ಮನಸ್ಸಿಗೆ ನಾಟಿತು. ಮನಸ್ಸಿಟ್ಟು ಹೇಳಿದ್ದೀಯ. ಪ್ರಾರ್ಥನೆ ಫಲ ಅಂದ್ರೆ ಇದು!”

ಅತ್ತೆ ಥಟ್ಟನೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಸೊಸೆ ಅವರ ಕಡೆ ನೋಡಿದರೆ ಕೆಟ್ಟೆ ಎಂದು ಮೇಲಿನ ಕಿಟಕಿಯನ್ನೇ ದಿಟ್ಟಿಸಿದಳು. ಅಳುತ್ತಿದ್ದಾರೆ ಎಂದುಕೊಂಡ ಹಿರಿಯರು ಅತ್ತೆಯ ತಲೆಯ ಮೇಲೆ ಕೈಯಿಟ್ಟು ಹರಸಿದರು. ಇದರಿಂದ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು.

ಮರುದಿನದಿಂದ ತೊಟ್ಟಿಯ ಕೋಣೆಯಲ್ಲಿ ಮೌನ. ಹದಿನಾಲ್ಕು ವರ್ಷದ ಹೊರೆ ಇಳಿಸಿದವಳ ಹಾಗೆ ಸೊಸೆ ಹಗುರಾಗಿದ್ದಳು. ತುಟಿ ಮುಚ್ಚಿಕೊಂಡು ಕೈಯಾಡಿಸುವಳು, ಸಾಕಾದಾಗ ಎತ್ತುವಳು. ಅತ್ತೆಗೂ ಹಗುರಾಗಿರಬೇಕು ಎಂದು ಅವಳು ತಿಳಿದಿದ್ದಳು. ಆದರೆ ಅತ್ತೆ ದಿನದಿಂದ ದಿನಕ್ಕೆ ಕುಗ್ಗುತ್ತ ಬಂದರು. ಬೆಳಿಗ್ಗೆ ಕುರ್ಚಿಯಲ್ಲಿ ಬಂದು ಕೂರುವುದು, ಕಿವಿಗೊಟ್ಟು ಕಾಯುವುದು, ಸ್ವಲ್ಪ ಹೊತ್ತಿಗೆ ಒಳಗೆ ಕರೆದುಕೊಂಡು ಹೋಗು ಎನ್ನುವುದು. ಆರನೆಯ ದಿನ ಸೊಸೆ ಬಟ್ಟೆ ಇಳಿಸುತ್ತಿದ್ದಾಗ ಆಚೆಯಿಂದ ದನಿ ಬಂತು, ಕೂಗಲ್ಲ, ಕೇಳುವ ದನಿ.

“ಹನ್ನೆರಡು ಸಾಲು ಇನ್ನು ಹೇಳೋದೇ ಇಲ್ವಾ?”

“ಇನ್ಯಾಕೆ ಅತ್ತೆ? ನಿಮಗೂ ಬೇಡ, ನನಗೂ ಬೇಡ.”

ಸೊಸೆ ಕೈ ನೀರಿನಲ್ಲಿರಿಸಿಕೊಂಡೇ ಕುತ್ತಿಗೆ ತಿರುಗಿಸಿ ನೋಡಿದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಮುಂದಕ್ಕೆ ಬಾಗಿದ್ದರು.

“ನಂಗೆ ಮರೆತುಹೋಗಿದೆ ಕಣೇ,” ಎಂದರು. “ನಾಲ್ಕನೇ ಸಾಲಾದ ಮೇಲೆ, ಆ ಎಂಟನೇದು ಬಿಟ್ರೆ, ಒಬ್ಬಳೇ ಹೇಳೋಕೆ ಹೋದ್ರೆ ಏನೂ ಬರಲ್ಲ. ನೀನು ಹೇಳೋದು ಕೇಳೋಕೇ ಈ ಕುರ್ಚಿ ಹಾಕಿಸಿಕೊಂಡಿದ್ದು. ನಾನು ಮಾತು ಬಿಟ್ಟಿದ್ದೆ, ನಿಜ. ಆದ್ರೆ ಈ ಮನೇಲಿ ಯಾರೋ ಒಬ್ಬರು ಅವನ ಜೊತೆ ಮಾತಾಡ್ತಿದಾರಲ್ಲ ಅಂತ ಸಮಾಧಾನ ಇತ್ತು. ಈಗ ನೀನೂ ಬಿಟ್ಟೆ.”

ಕಾವಲು ಎಂದುಕೊಂಡಿದ್ದಳಲ್ಲ ಸೊಸೆ, ಮೂರು ವರ್ಷ! ಅರ್ಥ ಬೇಕಿಲ್ಲದೆ, ನಂಬಿಕೆ ಇಲ್ಲದೆ, ಬರೀ ಬಾಯಲ್ಲಿ ಅವಳು ಹೊತ್ತುಕೊಂಡು ಬಂದದ್ದು ಇನ್ನೊಬ್ಬರ ನೀರಾಗಿತ್ತು. ಖಾಲಿ ಬಿಂದಿಗೆ ಎಂದು ಮೊನ್ನೆ ಮೊನ್ನೆಯಷ್ಟೇ ಇಳಿಸಿಟ್ಟಿದ್ದಳು.

“ನೀವು ಹೇಳ್ತೀರಾ, ಅತ್ತೆ?”

“ನೀನು ಮುಂದೆ ಹೇಳಿದ್ರೆ.” ಅತ್ತೆ ಗಂಟಲು ಸರಿಮಾಡಿಕೊಂಡರು. “ನೋಡೋಣ. ಎಷ್ಟು ಬರುತ್ತೋ.”

ಸೊಸೆ ನೀರಿನ ಕಡೆ ತಿರುಗಿದಳು. ಮೊದಲ ಸಾಲು ಹೇಳಿದಳು. ಹಿಂದಿನಿಂದ ಅತ್ತೆಯ ದನಿ, ಬಹಳ ದಿನ ತೆರೆಯದ ಬಾಗಿಲಿನ ಹಾಗೆ ಕರಕರ ಎನ್ನುತ್ತ, ಅದನ್ನೇ ಹೇಳಿತು. ಎರಡನೆಯದು. ಮೂರನೆಯದು. ಐದನೆಯದರಲ್ಲಿ ಅತ್ತೆ ಎಡವಿದರು, ಸೊಸೆ ಮತ್ತೊಮ್ಮೆ ಹೇಳಿಕೊಟ್ಟಳು. ತೊಟ್ಟಿಯಲ್ಲಿ ಬಟ್ಟೆ ಮೆಲ್ಲಗೆ ತೇಲುತ್ತಿತ್ತು. ಆರು. ಏಳು.

ಎಂಟನೆಯ ಸಾಲಿಗೆ ಅವಳು ಬಾಯಿ ತೆರೆದಳು.

ಎಷ್ಟು ಸಾವಿರ ಸಲ ಹೇಳಿದ್ದ ಸಾಲು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ಹೇಳಿದ್ದಳು, ನೆಗಡಿಯಲ್ಲಿ ಹೇಳಿದ್ದಳು, ಆಕಳಿಸುತ್ತ ಹೇಳಿದ್ದಳು. ಈಗ ಹಿಂದೆ ಒಬ್ಬ ತಾಯಿ ಚೌಕಟ್ಟು ಹಿಡಿದು ಆ ಸಾಲಿಗಾಗಿ ಕಾದಿದ್ದಳು, ಇವಳು ಹೇಳಿದರೆ ಅವಳೂ ಹೇಳಬೇಕು. ತೆರೆದ ಬಾಯಿ ಮುಚ್ಚಿತು. ಕೈ ಎರಡೂ ನೀರಿನಲ್ಲಿದ್ದುದರಿಂದ ಕಣ್ಣು ಒರೆಸಿಕೊಳ್ಳುವುದಕ್ಕೂ ಆಗಲಿಲ್ಲ.

“ನಿಧಾನ ಹೇಳು,” ಎಂದರು ಅತ್ತೆ. “ನಂಗೇನು ಅವಸರ ಇಲ್ಲ.”

ಅವಳು ಮತ್ತೆ ಬಾಯಿ ತೆರೆದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಆ ಸಾಲು ಅವಳಿಗೆ ಹೇಳಲು ಬರಲಿಲ್ಲ.